ಪೂರ್ತಿ ಓದಿದವರ ಬಗ್ಗೆ ಕೈಗೊಂಡ ಕ್ರಮಗಳು

ಪುಣೆಯ ಮಾರ್ಕೆಟ್ ಯಾರ್ಡಿನ ಕನ್ನಡ ಓದುಗರ ಬಳಗವು, ಸದಸ್ಯರು ತಮ್ಮ ಮೆಚ್ಚಿನ ಕಾದಂಬರಿಗಳನ್ನೂ ಲೇಖಕರನ್ನೂ ಪರಸ್ಪರ ಹಂಚಿಕೊಳ್ಳಬೇಕೆಂಬ ಉದ್ದೇಶದಿಂದ ನಾಲ್ಕು ವರ್ಷಗಳ ಹಿಂದೆ ಸ್ಥಾಪನೆಯಾಯಿತು. ಆ ಉದ್ದೇಶಕ್ಕೆ ಇದುವರೆಗೆ ಯಾವ ಧಕ್ಕೆಯೂ ಬಂದಿಲ್ಲ. ಕಳೆದ ವರ್ಷ ಕೆಲವರು ಕಾದಂಬರಿಗಳನ್ನು ಪೂರ್ತಿ ಓದುತ್ತಿರುವುದು ಗಮನಕ್ಕೆ ಬಂದದ್ದರಿಂದ ಒಂದಿಷ್ಟು ಗೊಂದಲವಾಗಿತ್ತು; ಅದನ್ನೂ ಈಗ ಸರಿಪಡಿಸಲಾಗಿದೆ. ಯಾರ ಮನಸ್ಸಿನಲ್ಲೂ ಸಂಶಯ ಉಳಿಯಬಾರದೆಂದು ಬಳಗದ ಕಾರ್ಯದರ್ಶಿಯಾದ ನಾನು, ಶಿವಪ್ರಕಾಶ, ನಡೆದದ್ದನ್ನು ನಡೆದ ಹಾಗೆ ದಾಖಲಿಸುತ್ತಿದ್ದೇನೆ. ಮೂವತ್ತನಾಲ್ಕು ವರ್ಷ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು ನಾನು. ನಡೆಯದ್ದನ್ನು ಬರೆಯುವ ಅಭ್ಯಾಸವೂ ನನಗುಂಟು, ಆದರೆ ಇಲ್ಲಿ ಅದರ ಅಗತ್ಯ ಬಿದ್ದಿಲ್ಲ.

ಬಳಗವು ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಧ್ಯಕ್ಷರಾದ ಗೂಳಪ್ಪನವರ ಬೇಳೆಕಾಳಿನ ಅಡತಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರುತ್ತದೆ. ಗೂಳಪ್ಪನವರು ಬೆಳಗಾವಿ ಕಡೆಯವರು. ಕೋಣೆ ಅವರದು, ಕುರ್ಚಿ ಅವರವು, ಚಹಾ ಅವರದು. ಆದ್ದರಿಂದ ಅಧ್ಯಕ್ಷರನ್ನು ಪ್ರತಿ ವರ್ಷ ಮುಕ್ತ ಚುನಾವಣೆಯ ಮೂಲಕ ಅವಿರೋಧವಾಗಿ ಆರಿಸಲಾಗುತ್ತದೆ. ಸದಸ್ಯರು ಹತ್ತೊಂಬತ್ತು ಮಂದಿ. ಹೆಚ್ಚಿನವರು ಯಾರ್ಡಿನ ವ್ಯಾಪಾರಸ್ಥರು, ಉಳಿದವರು ಕಚೇರಿ ಕೆಲಸದವರು.

ಗೊಂದಲ ಶುರುವಾದದ್ದು ಕಾಶವ್ವನವರಿಂದ. ಅವರು ಯಾರ್ಡಿನ ಹಿಂದಿನ ಓಣಿಯಲ್ಲಿ ಇಪ್ಪತ್ತು ವರ್ಷ ಜೋಳದ ರೊಟ್ಟಿಯ ಖಾನಾವಳಿ ನಡೆಸಿದವರು. ಮಧ್ಯಾಹ್ನದ ಪಂಕ್ತಿ ಮುಗಿದು ಸಂಜೆಯ ಒಲೆ ಹೊತ್ತುವುದರೊಳಗೆ ಸಿಗುತ್ತಿದ್ದ ಒಂದು ತಾಸಿನಲ್ಲಿ ಒಂದೇ ಕಾದಂಬರಿಯನ್ನು ಹದಿನಾಲ್ಕು ಸಲ ಓದಿದ್ದಾರೆ. ಈಗ ಮಗನ ಜತೆ ವಾಕಡದಲ್ಲಿದ್ದಾರೆ. ಸೊಸೆ ಸುಲಭಾ ಒಳ್ಳೆಯ ಹುಡುಗಿ, ಅತ್ತೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಎಲ್ಲವನ್ನೂ ಮರಾಠಿಯಲ್ಲಿ. ಮನೆಯಲ್ಲಿ ಆ ಕಾದಂಬರಿಯ ಬಗ್ಗೆ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ಹಾಗಾಗಿ ಎರಡು ಬಸ್ಸು ಬದಲಿಸಿ ನಮ್ಮ ಬಳಗಕ್ಕೆ ಬರುತ್ತಾರೆ.

ಕಾದಂಬರಿಯ ಹೆಸರನ್ನು ನಿಯಮ ನಾಲ್ಕರ ಪ್ರಕಾರ ಇಲ್ಲಿ ಬರೆಯುವಂತಿಲ್ಲ. ಒಂದೇ ಮನೆಯ ಇಬ್ಬರು ನೆಗೆಣ್ಣಿಯರು, ಅಂದರೆ ಅಣ್ಣತಮ್ಮಂದಿರ ಹೆಂಡಂದಿರು, ನಡುವೆ ಗೋಡೆ ಎತ್ತಿಸಿಕೊಂಡು ಇಪ್ಪತ್ತೆರಡು ವರ್ಷ ಮಾತು ಬಿಟ್ಟ ಕಥೆ ಎಂದಷ್ಟೇ ಹೇಳಬಹುದು. ಕಳೆದ ವರ್ಷದ ಜನವರಿ ಸಭೆಯಲ್ಲಿ ಕಾಶವ್ವನವರು ಎದ್ದು ನಿಂತು, ತಮಗೆ ಬಹಳ ವರ್ಷಗಳಿಂದ ಒಂದು ಪ್ರಶ್ನೆ ಕಾಡುತ್ತಿದೆ, ಓದಿದವರು ಯಾರಾದರೂ ಉತ್ತರ ಕೊಟ್ಟರೆ ಉಪಕಾರವಾದೀತು ಎಂದು ಪೀಠಿಕೆ ಹಾಕಿದರು.

"ಕಡೀ ಅಧ್ಯಾಯದಾಗ ಸಣ್ಣಾಕಿ ಬಂದು ಬಾಗಲಾ ಬಡೀತಾಳ್ರಿ. ಹಿರೇಕಿ ಒಳಗ ಚಿಲಕಾ ಹಿಡಕೊಂಡು ನಿಂತಾಳ. ಅಲ್ಲಿಗೇ ಪುಸ್ತಕ ಮುಗಿಸಿಬಿಟ್ಟಾರ. ಈಗ ಆಕಿ..."

ಅಷ್ಟರಲ್ಲಿ ಖರಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಪ್ರಜ್ವಲ ಎರಡೂ ಕಿವಿ ಮುಚ್ಚಿಕೊಂಡು ಎದ್ದ. ಅವನು ಮೈಸೂರಿನವನು.

"ಆಂಟಿ, ಪ್ಲೀಸ್, ಎಂಡಿಂಗ್ ಹೇಳಬೇಡಿ. ನಾನು ಆ ಪುಸ್ತಕ ಓದ್ಬೇಕು ಅಂತ ಇದ್ದೀನಿ."

ಯಾವಾಗ ಓದುತ್ತೀಯಪ್ಪ ಎಂದು ಕಾಶವ್ವ ಕೇಳಿದರು. ಅದು ತನ್ನ ಖಾಸಗಿ ವಿಷಯ ಎಂದು ಪ್ರಜ್ವಲ ಹೇಳಿದ. ಮರುದಿನ ಅವನಿಂದ ಲಿಖಿತ ದೂರು ಬಂತು. ಓದಿದವರ ಮಾತಿನಿಂದ ಓದಲಿರುವವರ ಹಕ್ಕಿಗೆ ಚ್ಯುತಿಯಾಗಿದೆ ಎಂಬುದು ದೂರಿನ ಸಾರ. ಅಧ್ಯಕ್ಷರ ಅಪ್ಪಣೆಯಂತೆ ನಾನು ಸದಸ್ಯರ ಸಮೀಕ್ಷೆ ನಡೆಸಿದೆ. ಕಾದಂಬರಿಗಳನ್ನು ಓದಿದವರು ಇಬ್ಬರು, ಓದಲಿರುವವರು ಹದಿನೇಳು. ಪ್ರಜಾಪ್ರಭುತ್ವದಲ್ಲಿ ಇನ್ನು ಚರ್ಚೆಗೆ ಜಾಗವಿರಲಿಲ್ಲ.

ಫೆಬ್ರುವರಿಯಲ್ಲಿ ಕಾದಂಬರಿಯ ಕೊನೆಯನ್ನು ಹೇಳುವುದನ್ನು ನಿಷೇಧಿಸಲಾಯಿತು. ಮಾರ್ಚಿನಲ್ಲಿ, ನಡುವನ್ನು ಕೇಳಿದರೆ ಜಾಣರು ಕೊನೆಯನ್ನು ಊಹಿಸುತ್ತಾರೆ ಎಂಬ ಆಕ್ಷೇಪಣೆಯ ಮೇರೆಗೆ ನಡುವನ್ನೂ ನಿಷೇಧಿಸಲಾಯಿತು. ಏಪ್ರಿಲಿನಲ್ಲಿ ಹೆಸರನ್ನು. ಆ ತಿಂಗಳ ಸಭೆಯಲ್ಲಿ ಸದಸ್ಯರು ತಮ್ಮ ಮೆಚ್ಚಿನ ಕಾದಂಬರಿಯ ಗಾತ್ರ, ಮುಖಪುಟದ ಬಣ್ಣ ಮತ್ತು ಅದನ್ನು ಎಲ್ಲಿ ಇಟ್ಟಿದ್ದೇವೆ ಎಂಬುದನ್ನು ಹಂಚಿಕೊಂಡರು. ಸಭೆ ಶಾಂತವಾಗಿ ನಡೆಯಿತು. ಆದರೆ ಇಷ್ಟರಿಂದ ಒಂದು ಕಾದಂಬರಿ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂದು ಯಾರೋ ಕೇಳಿದರು.

ಆಗ ಗೂಳಪ್ಪನವರು ತಮ್ಮ ಪ್ರಸಿದ್ಧ ಸಲಹೆಯನ್ನು ಕೊಟ್ಟರು. ತಮ್ಮ ಅಂಗಡಿಗೆ ದಿನಕ್ಕೆ ನೂರು ಚೀಲ ತೊಗರಿ ಬರುತ್ತದೆ, ಚೀಲವನ್ನು ಪೂರ್ತಿ ಸುರಿದು ನೋಡಿದರೆ ಅದು ವ್ಯಾಪಾರವಲ್ಲ, ಹುಚ್ಚುತನ. ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಹಾಕಿ ನೋಡಿ, ನಂಬರ್ ಒಂದೋ ಎರಡೋ ಹೇಳಿದರೆ ಕೆಲಸ ಮುಗಿಯಿತು. ಕಾದಂಬರಿಯೂ ಅಷ್ಟೆ. ಹತ್ತು ಪುಟ ಸ್ಯಾಂಪಲ್ ತೆಗೆದರೆ ಸಾಕು. ಸಭೆಯಲ್ಲಿದ್ದ ವ್ಯಾಪಾರಸ್ಥರೆಲ್ಲ, ಇಷ್ಟು ವರ್ಷ ಇದು ನಮಗೆ ಹೊಳೆದೇ ಇಲ್ಲವಲ್ಲ ಎಂದು ನಾಚಿಕೊಂಡರು.

ಮೇ ತಿಂಗಳಲ್ಲಿ ನಿಯಮ ಏಳು ಜಾರಿಗೆ ಬಂತು. ಪ್ರತಿ ಪುಸ್ತಕದಿಂದ ಹತ್ತು ಪುಟ ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನಂಬರು ಹಚ್ಚಿ ಇಡತಕ್ಕದ್ದು. ಉಳಿದ ಪುಸ್ತಕವನ್ನು, ಯಾರೂ ಪ್ರಲೋಭನೆಗೆ ಒಳಗಾಗದಂತೆ, ಕಪಾಟಿನಲ್ಲಿಟ್ಟು ಬೀಗ ಹಾಕತಕ್ಕದ್ದು. ಹತ್ತು ಪುಟಕ್ಕಿಂತ ಹೆಚ್ಚು ಓದಿದವರಿಗೆ 'ಮೌನ ಸದಸ್ಯತ್ವ', ಅಂದರೆ ಅವರು ಸಭೆಗೆ ಬರಬಹುದು, ಬಿಸ್ಕೀಟು ತಿನ್ನಬಹುದು, ಮಾತಾಡುವಂತಿಲ್ಲ. ಮುಂದೆ ಯಾವಾಗಲಾದರೂ 'ನಾನು ಹತ್ತೇ ಪುಟ ಓದಿದ್ದೇನೆ' ಎಂದು ಬರೆದುಕೊಟ್ಟರೆ ಮಾತಾಡುವ ಹಕ್ಕು ಮರಳುತ್ತದೆ. ಕಾರ್ಯದರ್ಶಿ ಮಾತ್ರ ಎಂದಿಗೂ ಹತ್ತನ್ನು ದಾಟಿರಕೂಡದು, ದಾಟಿದರೆ ಹುದ್ದೆ ಹೋಗುತ್ತದೆ.

ಪೂರ್ತಿ ಓದಿದ ಇಬ್ಬರಲ್ಲಿ ಒಬ್ಬರು ಕೂಡಲೇ ಬರೆದುಕೊಟ್ಟರು. ಕಾಶವ್ವನವರು, ಹದಿನಾಲ್ಕು ಸಲ ಓದಿದ್ದನ್ನು ಹತ್ತು ಪುಟ ಎಂದು ಹೇಗೆ ಬರೆಯಲಿ, ಸುಳ್ಳಾಗುವುದಿಲ್ಲವೇ ಎಂದು ಕೇಳಿದರು. ಅವರಿಗೆ ನೋಟಿಸು ಕೊಟ್ಟು, ಮುಂದಿನ ಸಭೆಯಲ್ಲಿ ಸ್ಯಾಂಪಲ್ ತೆಗೆಯಲು ಅವರ ಪುಸ್ತಕವನ್ನು ನನ್ನ ವಶಕ್ಕೆ ಪಡೆಯಲಾಯಿತು. ಕೊಡುವಾಗ ಅವರು ಅದಕ್ಕೆ ಹಾಕಿದ್ದ ವೃತ್ತಪತ್ರಿಕೆಯ ಹೊದಿಕೆಯನ್ನು ಎರಡು ಸಲ ಸರಿಮಾಡಿದರು. ಪುಟಗಳ ಅಂಚಿನಲ್ಲಿ ಅರಿಶಿಣದ ಬೆರಳ ಗುರುತುಗಳಿದ್ದವು.

ಈ ಪ್ಯಾರಾವನ್ನು ಬಳಗದ ಅಧಿಕೃತ ಪ್ರತಿಯಿಂದ ತೆಗೆದುಹಾಕಲಾಗುವುದು. ಯಾವ ಹತ್ತು ಪುಟ ಕತ್ತರಿಸುವುದು ಅನುಕೂಲ ಎಂದು ಪರಿಶೀಲಿಸಲು ನಾನು ನಮ್ಮ ಹೌಸಿಂಗ್ ಸೊಸೈಟಿಯ ತೋಟದ ಬೆಂಚಿನ ಮೇಲೆ ಕೂತು ಮೊದಲ ಪುಟ ತೆರೆದೆ. ಹತ್ತಾಯಿತು. ಹನ್ನೊಂದಾಯಿತು. ಊಟಕ್ಕೆ ಎರಡು ಸಲ ಕರೆ ಬಂತು, ಹೋಗಲಿಲ್ಲ. ಹದಿನಾರನೆಯ ಅಧ್ಯಾಯದಲ್ಲಿ ಕಣ್ಣು ಮಂಜಾದವು. ಕನ್ನಡಕದ ನಂಬರು ಬದಲಾಗಿರಬೇಕೆಂದು ಹೋಗಿ ತೋರಿಸಿಕೊಂಡು ಬಂದೆ, ಬದಲಾಗಿರಲಿಲ್ಲ. ಎರಡು ದಿನದಲ್ಲಿ ಮುಗಿಸಿದೆ. ಮತ್ತೆ ಮೊದಲಿಂದ ಓದಿದೆ. ನನಗೆ ಆ ಕಾದಂಬರಿ ಬಹಳ ಇಷ್ಟವಾಯಿತು. ಇದನ್ನು ಯಾರಿಗೂ ಹೇಳಲಾರದವನಾಗಿ ನಾನು ಬಳಗದ ಕಾರ್ಯದರ್ಶಿಯಾಗಿ ಮುಂದುವರಿದೆ.

ಜೂನ್ ತಿಂಗಳ ಸಭೆಯಲ್ಲಿ ಪುಸ್ತಕವನ್ನೂ ಬ್ಲೇಡನ್ನೂ ಮೇಜಿನ ಮೇಲಿಟ್ಟೆ. ಮೊದಲ ಹತ್ತು ಪುಟ ತೆಗೆಯಿರಿ ಎಂದು ಗೂಳಪ್ಪನವರು ಸೂಚಿಸಿದರು. ಕಾಶವ್ವನವರು ಕೈ ಎತ್ತಿದರು. ಮೌನ ಸದಸ್ಯರು ಮಾತಾಡಬಹುದೇ ಎಂಬ ಬಗ್ಗೆ ಸ್ವಲ್ಪ ಚರ್ಚೆಯಾಗಿ, ಸ್ಯಾಂಪಲ್ಲಿನ ಬಗ್ಗೆ ಮಾತ್ರ ಮಾಲಿನ ಮಾಲೀಕರು ಮಾತಾಡುವುದು ಯಾರ್ಡಿನ ರೂಢಿ ಎಂದು ಅಧ್ಯಕ್ಷರು ಅನುಮತಿಸಿದರು.

"ಗೂಳಪ್ಪಣ್ಣಾರ, ನಿಮ್ಮ ಅಂಗಡ್ಯಾಗ ಇಪ್ಪತ್ತ ವರ್ಷ ಬ್ಯಾಳಿ ಕೊಂಡೀನ್ರಿ. ಒಮ್ಮೆರ ನೀವು ಚೀಲದ ಮ್ಯಾಲಿಂದ ಸ್ಯಾಂಪಲ್ ತಗದಿದ್ದು ನಾ ನೋಡಿಲ್ಲ."

"ಮ್ಯಾಲ ಎಲ್ಲಾರೂ ಚಲೋ ಮಾಲ ಇಟ್ಟಿರ್ತಾರ್ರಿ ಕಾಶವ್ವಾರ. ತಳದಿಂದ ತಗದ್ರನ ಖರೇ ಗೊತ್ತಾಗೂದು."

"ಹಂಗಾದ್ರ ನನ್ನ ಪುಸ್ತಕಾನೂ ತಳದಿಂದನ ತಗೀರಿ."

ಕೋಣೆಯಲ್ಲಿದ್ದ ವ್ಯಾಪಾರಸ್ಥರೆಲ್ಲ ತಲೆದೂಗಿದರು. ನ್ಯಾಯವಾದ ಮಾತು. ಪ್ರಜ್ವಲ ಮಾತ್ರ, ಕೊನೆಯ ಹತ್ತು ಪುಟ ಅಂದರೆ ಎಂಡಿಂಗೇ ಆಯಿತಲ್ಲ, ಫೆಬ್ರುವರಿಯ ನಿಷೇಧ ಎಲ್ಲಿ ಹೋಯಿತು ಎಂದು ಆಕ್ಷೇಪಿಸಿದ. ಗೂಳಪ್ಪನವರು ಹಣೆ ಉಜ್ಜಿಕೊಂಡು ವಿಚಾರಮಾಡಿ ತೀರ್ಪು ಕೊಟ್ಟರು. ಮೊದಲನ್ನು ಓದಿದವರಿಗೆ ಮಾತ್ರ ಕೊನೆ ಕೊನೆಯಾಗುತ್ತದೆ. ಮೊದಲನ್ನೇ ಓದದವರಿಗೆ ಅದು ಕೇವಲ ಹತ್ತು ಪುಟ. ಪ್ರಜ್ವಲ, ಟೆಕ್ನಿಕಲಿ ಇದು ಕರೆಕ್ಟ್ ಎಂದು ಒಪ್ಪಿ ಕೂತ.

ಕತ್ತರಿಸಿದವನು ನಾನೇ. ಬ್ಲೇಡು ಹೊಸದಿತ್ತು. ಕಾಶವ್ವನವರು ಕಿಟಕಿಯಾಚೆ ನಿಂತಿದ್ದ ಲಾರಿಯನ್ನು ನೋಡುತ್ತಿದ್ದರು. ಸ್ವಂತ ಪುಸ್ತಕವನ್ನು ಕತ್ತರಿಗೆ ಕೊಟ್ಟಾದರೂ ತಮ್ಮ ಪ್ರಶ್ನೆಗೆ ಉತ್ತರ ಪಡೆಯಬೇಕೆಂದು ಆ ಹೆಣ್ಣುಮಗಳು ನಿಶ್ಚಯ ಮಾಡಿಬಿಟ್ಟಿದ್ದರು. ಅದು ನನಗೆ ಆಗಲೇ ಗೊತ್ತಾಗಿತ್ತು. ಪುಟ ಎಣಿಸಿದೆ, ಸರಿಯಾಗಿ ಹತ್ತಿದ್ದವು.

ಹತ್ತು ಪುಟದ ಝೆರಾಕ್ಸ್ ಪ್ರತಿಗಳನ್ನು ಹಂಚಲಾಯಿತು. ಹದಿನೈದು ನಿಮಿಷ ಎಲ್ಲರೂ ಓದಿದರು. ಬಳಗದ ಇತಿಹಾಸದಲ್ಲಿ ಸದಸ್ಯರು ಒಟ್ಟಾಗಿ ಓದಿದ್ದು ಅದೇ ಮೊದಲು. ಗೂಳಪ್ಪನವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಮಾಲು ನಂಬರ್ ಒನ್ ಎಂದು ಘೋಷಿಸಿದರು. ಅದಾದ ಮೇಲೆ ಕಾಶವ್ವನವರು, ತಮಗೆ ಗ್ರೇಡು ಬೇಡ, ಒಂದೇ ಒಂದು ವಿಷಯ ತಿಳಿದರೆ ಸಾಕು ಎಂದರು.

"ಆಕಿ ಬಾಗಲಾ ತಗೀಬೇಕೊ, ಬ್ಯಾಡೊ? ಇಷ್ಟ ಹೇಳ್ರಿ ನನಗ."

ಪ್ರಶ್ನೆ ಸ್ಯಾಂಪಲ್ಲಿನೊಳಗಿನದೇ ಆದ್ದರಿಂದ ಚರ್ಚೆಗೆ ಎತ್ತಿಕೊಳ್ಳಲಾಯಿತು. ಬಾಗಿಲು ಬಡಿದರೆ ತೆಗೆಯುವುದು ಮನುಷ್ಯತ್ವ, ಇದರಲ್ಲಿ ಕೇಳುವುದೇನಿದೆ ಎಂದು ಕೆಲವರು ಹೇಳಿದರು. ಇಪ್ಪತ್ತೆರಡು ವರ್ಷ ಮುಚ್ಚಿದ ಬಾಗಿಲ ಕೀಲು ತುಕ್ಕು ಹಿಡಿದಿರುತ್ತದೆ, ಒಮ್ಮೆಲೇ ಎಳೆದರೆ ಚೌಕಟ್ಟೇ ಕಿತ್ತುಬರುತ್ತದೆ ಎಂದು ಕಬ್ಬಿಣದ ವ್ಯಾಪಾರಿ ದೇವಾನಂದ ಎಚ್ಚರಿಸಿದರು. ಸೊಸೈಟಿಯ ಗೇಟಿನಲ್ಲಿ ಎಂಟ್ರಿ ಅಪ್ರೂವ್ ಆಗಿದ್ದರೆ ಮಾತ್ರ ತೆಗೆಯಬೇಕು, ಆ್ಯಪ್‌ನಲ್ಲಿ ಫೋಟೋ ಬಂದಿರುತ್ತದೆ ಎಂದು ಪ್ರಜ್ವಲ ಹೇಳಿದ. ಹೊರಗೆ ನಿಂತವಳು ಯಾರು, ಒಳಗೆ ನಿಂತವಳು ಏನು ಕಳೆದುಕೊಂಡಿದ್ದಾಳೆ ಎಂದು ಯಾರೂ ಕೇಳಲಿಲ್ಲ. ಕೇಳುವಂತೆಯೂ ಇರಲಿಲ್ಲ, ಅದು ಹನ್ನೊಂದನೆಯ ಪುಟದ ವಿಷಯವಾಗುತ್ತಿತ್ತು.

ಕೊನೆಗೆ ಮತಕ್ಕೆ ಹಾಕಲಾಯಿತು. ತೆಗೆಯಬೇಕು ಎಂದವರು ಹದಿಮೂರು, ಬೇಡ ಎಂದವರು ನಾಲ್ಕು. ಕಾಶವ್ವನವರಿಗೆ ಮತದ ಹಕ್ಕಿರಲಿಲ್ಲ. ನಾನು ಬರೆದುಕೊಳ್ಳುತ್ತಿದ್ದೆ. ಠರಾವು ಈ ರೀತಿ ಇದೆ:

"ಚಿಲಕ ಹಿಡಿದು ಒಳಗೆ ನಿಂತಿರುವ ಹಿರಿಯ ಸೊಸೆಯು ಬಾಗಿಲನ್ನು ತೆರೆಯತಕ್ಕದ್ದು ಎಂದು ಈ ಸಭೆಯು ಬಹುಮತದಿಂದ ತೀರ್ಮಾನಿಸಿದೆ. ಸದರಿ ಪ್ರಶ್ನೆಯನ್ನು ಇತ್ಯರ್ಥಗೊಂಡಿದೆ ಎಂದು ಪರಿಗಣಿಸಿ, ಪ್ರಶ್ನೆ ಕೇಳಿದ ಸದಸ್ಯರು ಇದೇ ಪ್ರಶ್ನೆಯನ್ನು ಪುನಃ ಕೇಳದಂತೆ ಅವರಿಗೆ ಲಿಖಿತವಾಗಿ ತಿಳಿಸತಕ್ಕದ್ದು."

ಎಲ್ಲರಿಗೂ ಸಮಾಧಾನವಾಯಿತು. ಇಷ್ಟು ವರ್ಷದ ಪ್ರಶ್ನೆ ಒಂದು ತಾಸಿನಲ್ಲಿ ಬಗೆಹರಿಯಿತಲ್ಲ ಎಂದು ಗೂಳಪ್ಪನವರು ಸಂತೋಷಪಟ್ಟು, ಆ ದಿನ ಚಹಾದ ಜತೆ ಅವಲಕ್ಕಿಯನ್ನೂ ತರಿಸಿದರು. ಉಳಿದ ಪುಸ್ತಕವನ್ನು ನಾನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಸದಸ್ಯರು ತಟ್ಟೆ ಹಿಡಿದು ಗುಂಪುಗುಂಪಾಗಿ ನಿಂತಾಗ ಕಾಶವ್ವನವರು ಠರಾವಿನ ಪ್ರತಿ ಪಡೆಯಲು ನನ್ನ ಮೇಜಿಗೆ ಬಂದರು. ಸಹಿ ಮಾಡಿದರು. ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು. ಹೋಗಲಿಲ್ಲ.

"ಶಿವಪ್ರಕಾಶಣ್ಣಾರ, ನೀವು ಎರಡೂ ಸರ್ತಿ ಕೈ ಎತ್ತಲಿಲ್ಲ."

ಕಾರ್ಯದರ್ಶಿ ಸಾಮಾನ್ಯವಾಗಿ ಮತ ಹಾಕುವುದಿಲ್ಲ ಎಂದು ನಾನು ಹೇಳಿದೆ. ಹೋದ ತಿಂಗಳು ಬಿಸ್ಕೀಟು ಉಪ್ಪಿನದೋ ಸಿಹಿಯದೋ ಎಂಬ ಠರಾವಿಗೆ ಹಾಕಿದ್ದಿರಲ್ಲ ಎಂದು ಅವರು ಹೇಳಿದರು. ನಾನು ರಿಜಿಸ್ಟರಿನ ಗೆರೆಗಳನ್ನು ನೋಡುತ್ತ ಕೂತೆ. ಅವರು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಬರಬರುತ್ತ ಅವರ ಮುಖ ತಿಳಿಯಾಯಿತು.

"ಎಷ್ಟ ಪುಟ ಓದೀರಿ?"

"ಹತ್ತು ರೀ."

"ಹೌದ್ರಿ. ನಾನೂ ಹತ್ತ ಅಂತನ ಬರಕೊಡ್ತೀನಿ. ಒಂದು ಫಾರ್ಮ್ ಕೊಡ್ರಿ ನನಗ."

ಫಾರ್ಮ್ ಕೊಟ್ಟೆ. ಸುಳ್ಳಿಗೆ ಅಂಜುತ್ತಿದ್ದ ಆ ತಾಯಿ ದುಂಡಗಿನ ಅಕ್ಷರದಲ್ಲಿ, ತಾವು ಸದರಿ ಕಾದಂಬರಿಯನ್ನು ಹತ್ತೇ ಪುಟ ಓದಿರುವುದಾಗಿ ಬರೆದು ಹೆಬ್ಬೆರಳಷ್ಟು ದೊಡ್ಡ ಸಹಿ ಹಾಕಿದರು. ಕಾಗದ ನಿಯಮಾನುಸಾರವಾಗಿದ್ದರಿಂದ ಸ್ವೀಕರಿಸಿ ಮುದ್ರೆ ಒತ್ತಿದೆ. ಅವರ ಮೌನ ಸದಸ್ಯತ್ವ ಅಲ್ಲಿಗೆ ರದ್ದಾಯಿತು. ಮಾತಾಡುವ ಹಕ್ಕು ಮರಳಿ ಬಂದ ಮೇಲೆ ಅವರು ಏನೂ ಮಾತಾಡಲಿಲ್ಲ. ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತು ಚಹಾ ಕುಡಿದರು. ನಾನೂ ಕುಡಿದೆ. ಆಕೆ ಬಾಗಿಲು ತೆಗೆಯಬೇಕೋ ಬೇಡವೋ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಸಭೆ ಹನ್ನೆರಡೂವರೆಗೆ ಮುಕ್ತಾಯವಾಯಿತು. ಆ ಹೊತ್ತಿಗೆ ಬಳಗದಲ್ಲಿ ಪೂರ್ತಿ ಓದಿದವರು ಯಾರೂ ಇರಲಿಲ್ಲ.