ಅತ್ತೆಯ ರಿವಾಲ್ವರಿಗೆ ಅಳಿಯನ ತೋಟಾ

"ನಿಮ್ಮಮ್ಮನ ತೊಂಬತ್ತನೇ ಹುಟ್ಟುಹಬ್ಬಕ್ಕೆ ತೋಟಾ ನಾನೇ ಕಟ್ತೀನಿ! ಈ ಜಿಲ್ಲೇಲಿ ಆ ಕೆಲಸ ಬಲ್ಲ ಗಂಡಸು ಇನ್ನೊಬ್ಬ ಇದ್ರೆ ತೋರಿಸು!"

ಹೀಗೆಂದು ಊಟದ ಮೇಜನ್ನು ಗುದ್ದಿದೆ. ಗುದ್ದಿನ ರಭಸಕ್ಕೆ ಹುಳಿ ಎಲೆಕೋಸಿನ ಬಟ್ಟಲು ಮಗುಚಿ ನನ್ನ ತೊಡೆ ಸೇರಿತು. ಅಪಶಕುನವೇನೋ ಅಲ್ಲೇ ಆಗಿತ್ತು. ಆದರೆ ಶೂರರು ಶಕುನ ನೋಡುತ್ತಾರೆಯೇ? ಒರೆಸಿಕೊಂಡೆ.

"ಅಂಗಡೀಲಿ ಸಿಗಲ್ವಾ?" ಎಂದಳು ನನ್ನ ಹೆಂಡತಿ ರೊಮೇನ್.

"ಅಂಗಡಿಯ ಹೊಸ ತೋಟಾನಾ? ಅವರ ಆ ಹಳೇ ರಿವಾಲ್ವರಿಗೆ ಅದರ ಪೆಟ್ಟು ತಡೆಯೋಕಾಗತ್ತೇನೇ? ಇದಕ್ಕೆ ಹಳೇ ಕಾಲದ ಕರಿಮದ್ದೇ ಆಗ್ಬೇಕು. ಕೈಯಾರೆ ಅಳೆದು, ಮುದ್ದು ಮಾಡಿ ತುಂಬ್ಬೇಕು!"

"ಮುದ್ದು ಮಾಡೋಕೂ ಬರತ್ತಾ ನಿಂಗೆ? ಗೊತ್ತೇ ಇರ್ಲಿಲ್ಲ" ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ನನ್ನ ಹುಚ್ಚಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಪೆನ್ಸಿಲ್ವೇನಿಯಾದ ಈ ಊರಿನಲ್ಲಿ ಉಳಿದ ಗಂಡಸರು ಜಿಂಕೆ ಹೊಡೆಯುವ ಉದ್ದನೆಯ ಕೋವಿ ಇಟ್ಟುಕೊಂಡು ಮೀಸೆ ತಿರುವುತ್ತಾರೆ. ನಾನು ಮಾತ್ರ ಅಂಗೈಯಲ್ಲಿ ಅಡಗುವ, ಐದೇ ಗುಂಡಿನ, ಅಜ್ಜಂದಿರ ಕಾಲದ ಪುಟಾಣಿ ರಿವಾಲ್ವರುಗಳನ್ನು ಕೂಡಿಡುತ್ತೇನೆ. ಹನ್ನೊಂದಿವೆ. "ಹನ್ನೊಂದಿದ್ರೂ ಮನೇಲಿ ಇಲಿ ಹಿಡಿಯೋದು ಬೆಕ್ಕೇ" ಎಂಬುದು ರೊಮೇನಳ ಟೀಕೆ. ಹನ್ನೆರಡನೆಯದರ ಮೇಲೆ ಮದುವೆಯಾದ ದಿನದಿಂದಲೂ ನನ್ನ ಕಣ್ಣಿತ್ತು. ಅದು ಅತ್ತೆ ಅರ್ವಿಲ್ಲಾ ಅವರದು.

ಅದು ಅಂತಿಂಥ ರಿವಾಲ್ವರಲ್ಲ! ಅರವತ್ತೈದು ವರ್ಷದ ಹಿಂದೆ ಕೋಳಿಗೂಡಿಗೆ ನುಗ್ಗಿದ ಕಳ್ಳನ ಟೋಪಿಯನ್ನು ಅತ್ತೆ ಅದರಿಂದಲೇ ಹಾರಿಸಿದ್ದರು. ತೋಟಾ ಕಟ್ಟಿಕೊಟ್ಟವರು ದಿವಂಗತ ಮಾವ ಕ್ಲೇಟನ್. ಆಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಈ ಕತೆ ಕೇಳದೆ ಆ ವಂಶದ ಯಾವ ಮಗುವೂ ಹಾಲು ಕುಡಿದು ಮಲಗಿದ್ದಿಲ್ಲ. ಈಗ ಶನಿವಾರ ಅರವತ್ತು ಜನ ನೆಂಟರ ಎದುರು, ಬೇಲಿಗೂಟದ ಮೇಲೆ ಟೋಪಿಯಿಟ್ಟು, ಅತ್ತೆ ಮತ್ತೊಮ್ಮೆ ಹೊಡೆಯಬೇಕೆಂದು ಎಲ್ಲರ ಹಟ. ಅತ್ತೆ ರಿವಾಲ್ವರನ್ನು ನನ್ನ ಕೈಗಿಟ್ಟು, "ಅವತ್ತು ಎಲ್ಲಾ ಸರಿಯಾಗಿ ಹಾರಿದ್ರೆ ಇದು ನಿಂದೇ ಅಳಿಯಾ" ಎಂದುಬಿಟ್ಟರು. ಆ ರಾತ್ರಿ ಸಂತೋಷಕ್ಕೆ ನನಗೆ ನಿದ್ದೆಯೇ ಬರಲಿಲ್ಲ.

ಮೊದಲು ತೋಟಾದ ಹಿತ್ತಾಳೆಯ ಚಿಪ್ಪುಗಳಿಗೆ ಹೊಳಪು ಬರಿಸಬೇಕು. ಅದಕ್ಕೆ ಪುಡಿ ಮಾಡಿದ ಅಕ್ರೋಟಿನ ಸಿಪ್ಪೆ ಬೇಕು. ಅಡುಗೆಮನೆಯಲ್ಲಿ ಒಂದು ಚೀಲ ಅಕ್ರೋಟು ಸಿಕ್ಕಿತು. ಒಡೆದೆ. ಸಿಪ್ಪೆ ಪುಡಿಯಾಗಿ ಚಿಪ್ಪು ತಿಕ್ಕುವ ಯಂತ್ರಕ್ಕೆ ಹೋಯಿತು. ತಿರುಳನ್ನೇನು ಬೀದಿಗೆ ಎಸೆಯಲಾಗುತ್ತದೆಯೇ?

"ಲಮಾರ್! ಅಮ್ಮನ ಕೇಕಿಗಿಟ್ಟ ಅಕ್ರೋಟೆಲ್ಲಿ?"

"ಅದರ ಸಿಪ್ಪೆ ನಿಮ್ಮಮ್ಮನ ಸೇವೆಗೇ ಹೋಗಿದೆ" ಎಂದೆ ಗಂಭೀರವಾಗಿ.

"ತಿರುಳು ಯಾರ ಸೇವೆಗೆ ಹೋಯ್ತು?"

ನಾನು ಗಡ್ಡದಲ್ಲಿದ್ದ ಚೂರನ್ನು ಮೆಲ್ಲಗೆ ಕೊಡವಿಕೊಂಡೆ.

ಇನ್ನು ಮದ್ದು. ಕೊಟ್ಟಿಗೆಯಲ್ಲಿ ಕೂತು ಪುಸ್ತಕ ತೆರೆದೆ, ಅಳತೆ ಕೊಟ್ಟಿದ್ದರು. ಹಳೇ ರಿವಾಲ್ವರು ನೋಡಿ, ಪಾಪ ಅಂತ ಒಂದು ಚಿಟಿಕೆ ಕಡಿಮೆ ಮಾಡಿದೆ. ಅತ್ತೆಯ ಮಣಿಕಟ್ಟು ನೆನಪಾಗಿ ಇನ್ನೊಂದು ಚಿಟಿಕೆ ತೆಗೆದೆ. ಮೂರನೇ ಚಿಟಿಕೆ ಬರೀ ನನ್ನ ಪುಕ್ಕಲುತನಕ್ಕೆ. ಉಳಿದ ಖಾಲಿ ಜಾಗಕ್ಕೆ ಹಳಬರ ಪದ್ಧತಿಯಂತೆ ರವೆ ತುಂಬಿದೆ.

"ಬೆಳಗಿನ ಗಂಜಿ ರವೆ ಎಲ್ಲಿ?" ರೊಮೇನ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. "ಅದು ಗುಂಡೋ, ತಿಂಡಿಯೋ?"

"ನಿನಗೆ ಈ ಶಾಸ್ತ್ರ ತಿಳಿಯಲ್ಲ, ಹೋಗೇ!"

ಗುರುವಾರ ಮಧ್ಯಾಹ್ನ ಪರೀಕ್ಷೆ. ಹೊಲದ ಮಣ್ಣುದಿಬ್ಬದ ಮುಂದೆ ಡಬ್ಬವಿಟ್ಟು, ಕಿವಿ ಮುಚ್ಚಿಕೊಂಡು, ಉಸಿರು ಬಿಗಿಹಿಡಿದು ರಿವಾಲ್ವರಿನ ಕುದುರೆ ಎಳೆದೆ.

ಪುಸ್!

ಮುದುಕ ನಾಯಿ ನಿದ್ದೆಯಲ್ಲಿ ಸೀನಿದಷ್ಟೇ ಸದ್ದು! ಕೊಳೆತ ಮೊಟ್ಟೆಯ ವಾಸನೆ, ಎರಡು ಕಾಳು ಹುರಿದ ರವೆ. ಡಬ್ಬ ಕದಲಲಿಲ್ಲ. ತೋಟಾ ತೆಗೆದು ನಳಿಗೆಯೊಳಗೆ ನೋಡಿದರೆ ಬೆಳಕೇ ಇಲ್ಲ. ಗುಂಡು ಒಳಗೇ ಬಿಡಾರ ಹೂಡಿತ್ತು!

ಸರಿ, ಮೂತಿಯ ಕಡೆಯಿಂದ ಮರದ ಸೌಟಿನ ಹಿಡಿ ತೂರಿಸಿ ಬಡಿದೆ. ಹಿಡಿ ಹೆಬ್ಬೆರಳಿನಷ್ಟು ಒಳಹೋಗಿ ಪಟ್ಟೆಂದು ಮುರಿಯಿತು. ಈಗ ಒಳಗೆ ಗುಂಡೂ ಇದೆ, ಸೌಟೂ ಇದೆ! ತಣ್ಣಗಾದರೆ ಲೋಹ ಕುಗ್ಗುತ್ತದೆಂದು ಎಲ್ಲೋ ಓದಿದ್ದೆ. ತೋಟಾಗಳನ್ನು ತೆಗೆದಿಟ್ಟು, ರಿವಾಲ್ವರನ್ನು ಮಾಂಸ ಕಟ್ಟುವ ಕಾಗದದಲ್ಲಿ ಸುತ್ತಿ, ಮೇಲೆ 'ಹಂದಿಯ ಲಿವರ್' ಎಂದು ಬರೆದು ಫ್ರೀಜರಿನ ತಳಕ್ಕೆ ತಳ್ಳಿದೆ. ನಮ್ಮ ಮನೆಯಲ್ಲಿ ಲಿವರ್ ಎಂದರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ಇಂಥ ಉಪಾಯ ಹೊಳೆದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಶುಕ್ರವಾರ ಬೆಳಿಗ್ಗೆ ಅಡುಗೆಮನೆಯಿಂದ ಕರೆ ಬಂತು. ದನಿ ಮೃದುವಾಗಿತ್ತು. ನಲವತ್ತು ವರ್ಷದ ಸಂಸಾರದಲ್ಲಿ ನಾನು ಅತ್ಯಂತ ಹೆದರುವುದು ಆ ದನಿಗೆ.

"ಲಮಾರ್, ಅಮ್ಮನಿಗೆ ಲಿವರ್ ಅಂದ್ರೆ ಪ್ರಾಣ. ಹುರಿದು ಕೊಡೋಣ ಅಂತ ತೆಗೆದೆ. ಈ ಹಂದಿ ಎಲ್ಲಿ ಸಿಕ್ತು?"

ಇಂಗು ತಿಂದ ಮಂಗನಂತೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಬೈಯಲಿಲ್ಲ. ಕಿಟಕಿಪರದೆಯ ಹಿತ್ತಾಳೆ ಸರಳು ಕಳಚಿದಳು, ರಿವಾಲ್ವರಿನ ಬೆನ್ನು ಬಿಚ್ಚಿ ಟವೆಲ್ಲಿನ ಮೇಲಿಟ್ಟಳು, ಮೂತಿಗೆ ಸರಳು ಹಿಡಿದು ಮಾಂಸ ಬಡಿಯುವ ಸುತ್ತಿಗೆಯಿಂದ ಮೂರು ಏಟು ಹಾಕಿದಳು. ಹಿಂದಿನಿಂದ ಮೊದಲು ನನ್ನ ಹೊಸ ಗುಂಡು ಉದುರಿತು. ಆಮೇಲೆ ಇನ್ನೊಂದು ಗುಂಡು. ಕೊನೆಗೆ ಸೌಟಿನ ತುಂಡು.

"ಎರಡು ಸಲ ಹೊಡೆದ್ಯಾ?"

"ಒಂದೇ ಸಲ, ನಿನ್ನಾಣೆ!"

ಎರಡನೆಯದು ಕಪ್ಪಿಟ್ಟು ಬಿಳಿಬೂದಿ ಹಿಡಿದಿತ್ತು. ಬಹಳ ಹಳತು. ಗುಂಡು ಹಾರಿಸುವ ಮುನ್ನ ನಳಿಗೆಯಲ್ಲಿ ಬೆಳಕು ನೋಡಬೇಕೆಂದು ನಮ್ಮೂರ ಬಂದೂಕು ಕ್ಲಬ್ಬಿನ ಹೊಸಬರಿಗೆ ಇಪ್ಪತ್ತು ವರ್ಷದಿಂದ ಪಾಠ ಹೇಳುವವನು ನಾನೇ. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ! ಹೊರಗೆ ಎರಡು ದಿನ ತಿಕ್ಕಿ ಮುಖ ನೋಡಿಕೊಂಡಿದ್ದೆನೇ ಹೊರತು ಒಳಗೆ ಇಣುಕಿರಲಿಲ್ಲ. ಮದ್ದು ಸರಿಯಾಗಿದ್ದು ಹೊಸ ಗುಂಡು ಆ ಹಳೆಯದಕ್ಕೆ ರಭಸದಿಂದ ಬಡಿದಿದ್ದರೆ ನಳಿಗೆಯೂ ಇರುತ್ತಿರಲಿಲ್ಲ, ನನ್ನ ಬೆರಳೂ ಇರುತ್ತಿರಲಿಲ್ಲ. ನನ್ನ ಪುಕ್ಕಲುತನವೇ ನನ್ನನ್ನು ಕಾಪಾಡಿತ್ತು.

ರೊಮೇನ್ ಕುರ್ಚಿಯಲ್ಲಿ ಕುಸಿದಳು. "ಹಾಗಾದ್ರೆ ಇದು ಅಪ್ಪನ ಗುಂಡು. ಅವತ್ತಿಂದ ಇಲ್ಲೇ ಇದೆ. ಅಮ್ಮ ಟೋಪಿ ಹಾರಿಸೇ ಇಲ್ವಾ?" ಅವಳ ಕಣ್ಣು ತುಂಬಿತ್ತು. "ಆ ಕತೆ ಕೇಳ್ಕೊಂಡೇ ಬೆಳೆದೋಳು ಕಣೋ ನಾನು. ಅಮ್ಮನಿಗೆ ಒಂದಕ್ಷರ ಹೇಳ್ಬೇಡ. ನಾಳೆ ನಿಜವಾಗ್ಲೂ ಹಾರ್ಬೇಕು."

ನನಗೆ ಹನ್ನೆರಡನೇ ರಿವಾಲ್ವರು ಮರೆತೇಹೋಯಿತು. ಪುಸ್ತಕ ತಂದು ಅವಳ ಮುಂದಿಟ್ಟೆ. ಅವಳು ಪುಸ್ತಕ ಹಿಡಿದು ಅಳತೆ ಓದಿದಳು, ನಾನು ವಿಧೇಯನಾಗಿ ತುಂಬಿದೆ. ಒಂದನ್ನು ಹಾರಿಸಿ ನೋಡಿದೆವು. ಢಂ! ಡಬ್ಬ ದಿಬ್ಬ ಹತ್ತಿತು.

ಶನಿವಾರ ಅಕ್ರೋಟಿಲ್ಲದ ಕೇಕು ಮುಗಿಯಿತು. ಅರವತ್ತು ಜನ ಬೇಲಿಯ ಈಚೆ ಸಾಲಾಗಿ ನಿಂತರು. ಆಚೆ ಗೂಟದ ಮೇಲೆ ಟೋಪಿ. ನಾನು ಎದೆಯುಬ್ಬಿಸಿ ರಿವಾಲ್ವರನ್ನು ಅತ್ತೆಯ ಕೈಗಿಟ್ಟೆ.

"ತೋಟಾ ಯಾರು ಕಟ್ಟಿದ್ದು?"

"ನಾನೇ ಅತ್ತೆ!"

ಅತ್ತೆ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಪಟಕ್ಕನೆ ರಿವಾಲ್ವರು ಬಿಚ್ಚಿದರು. ತೋಟಾಗಳನ್ನೆಲ್ಲ ಉದುರಿಸಿ ನನ್ನ ಅಂಗೈಗೆ ಸುರಿದರು. ತೋಳು ಹಿಂದಕ್ಕೆ ಬೀಸಿ ಖಾಲಿ ರಿವಾಲ್ವರನ್ನೇ ಎಸೆದರು! ಟೋಪಿ ಮೂರು ಮಾರು ದೂರ ಬಿತ್ತು.

ಅತ್ತೆ ಕೈ ಕೊಡವಿಕೊಂಡು ಗುಂಪಿನತ್ತ ತಿರುಗಿದರು.

"ಅವತ್ತೂ ಹೀಗೇ ಹೊಡೆದಿದ್ದು. ಕ್ಲೇಟನ್ ಕಟ್ಟಿದ ತೋಟಾ ಪುಸ್ ಅಂತು. ಕಳ್ಳ ನಗೋಕೆ ಶುರು ಮಾಡ್ದ. ಸಿಟ್ಟು ಬಂತು, ಬೀಸಿ ಒಗೆದೆ. ಗುಂಡಲ್ಲಿ ಹೊಡೆದೆ ಅಂತ ನಾನ್ಯಾವತ್ತೂ ಅಂದಿಲ್ಲಪ್ಪ, ಊರೋರು ಅಂದ್ರು. ಪಾಪ, ಗಂಡನ ಮರ್ಯಾದೆ ಅಂತ ಸುಮ್ನಿದ್ದೆ."

ರೊಮೇನ್ ಅತ್ತೂ ನಕ್ಕೂ ತಾಯಿಯನ್ನು ಅಪ್ಪಿಕೊಂಡಳು. ನಾನು ಗಂಟಲು ಸರಿಮಾಡಿಕೊಂಡೆ. "ಅತ್ತೆ, ಹಾರಿದ್ದೇನೋ ಸರಿಯಾಗೇ ಹಾರ್ತು. ಹಾಗಾದ್ರೆ ರಿವಾಲ್ವರು..."

"ರೊಮೇನ್‌ಗೆ. ನಿಮ್ಮ ಮದುವೆ ಆದಾಗಿಂದ ನೋಡ್ತಿದೀನಿ, ಅವಳು ನಿನ್ನ ಮೇಲೆ ಎಸೆದಿದ್ದು ಒಂದೂ ಗುರಿ ತಪ್ಪಿಲ್ಲ."

ಅರವತ್ತು ಜನರೂ ಗೊಳ್ಳೆಂದರು. ರೊಮೇನ್ ಕಣ್ಣೊರೆಸಿಕೊಂಡು, ಅಂಗಿಯ ತೋಳು ಮಡಚುತ್ತಾ ಹೇಳಿದಳು:

"ಲಮಾರ್, ಹೋಗಿ ಎತ್ಕೊಂಡು ಬಾ. ಈಗ ನನ್ನ ಸರದಿ."