ಮಡಿವಾಳ ಹಕ್ಕಿಗೆ ಬಹುವಚನ

ಮಡಿವಾಳಪ್ಪನವರನ್ನು ನಾನು ಮೊದಲು ಕಂಡದ್ದು ಚಂದಾಪುರದ ಕೆರೆಯ ಕೆಸರಿನಲ್ಲಿ, ಬೋರಲಾಗಿ. ಯಾರೋ ಜ್ಞಾನತಪ್ಪಿ ಬಿದ್ದಿದ್ದಾರೆಂದು ಓಡಿಹೋಗಿ ಬೆನ್ನು ತಟ್ಟಿದೆ. ಅವರ ಕ್ಯಾಮೆರಾದ ಮುಂದಿದ್ದ ಚಿಟ್ಟೆ ಹಾರಿಹೋಯಿತು.

"ಹೋಗ್ಲಿ ಬಿಡ್ರಿ ಸರ. ಚಿಟ್ಟಿ ಹೋತು, ನೀವು ಸಿಕ್ರಲ್ಲಾ," ಎಂದರು.

ಅಂಥ ಮನುಷ್ಯ! ಧಾರವಾಡದ ಕಡೆಯವರು, ಕಾರ್ಖಾನೆಯಿಂದ ನಿವೃತ್ತರು. ಹೆಬ್ಬಗೋಡಿಯಲ್ಲಿ ನಮ್ಮದೇ ಅಪಾರ್ಟ್‌ಮೆಂಟು. ಕನ್ನಡ ಮೇಷ್ಟ್ರಾಗಿ ಜನ್ಮವಿಡೀ ಮಕ್ಕಳಿಗೆ 'ಪಿಕಳಾರ' ಎಂದು ಕಾಪಿ ಬರೆಸಿದ ನಾನು, ಆ ಪಿಕಳಾರ ಹಕ್ಕಿಯ ಮುಖ ನೋಡಿದ್ದು ಅವರ ಕೃಪೆಯಿಂದ.

ಆ ಉಪಕಾರಕ್ಕೆ ಪ್ರತಿಯಾಗಿ, ರಾಜ್ಯೋತ್ಸವಕ್ಕೆ ಅವರ ಚಿತ್ರಪ್ರದರ್ಶನ ಏರ್ಪಟ್ಟಾಗ ಘೋಷಿಸಿಬಿಟ್ಟೆ: "ಹೆಸರಿನ ಚೀಟಿಗಳ ಹೊಣೆ ನನ್ನದು. ಒಂದೇ ಒಂದು ತಪ್ಪು ಕಂಡರೆ ನಾನು ಪಟ್ಟಾಭಿರಾಮನೇ ಅಲ್ಲ!"

"ಬೇರೆ ಹೆಸರು ಈಗ್ಲೇ ಹುಡುಕಿಡ್ಲಾ?" ಎಂದಳು ನನ್ನ ಹೆಂಡತಿ ಸೀತಾ.

ಮಡಿವಾಳಪ್ಪನವರು ಚಿತ್ರಗಳ ಗಾಜು ಒರೆಸಿದ್ದೇ ಒರೆಸಿದ್ದು. ಕ್ಯಾಮೆರಾವನ್ನು ಸವತಿಯೆಂದೇ ತಿಳಿದಿದ್ದ ಅವರ ಹೆಂಡತಿ ಗೌರಮ್ಮ ಮೊದಲ ಬಾರಿಗೆ ಚಿತ್ರ ನೋಡಲು ಒಪ್ಪಿದ್ದರು. ಅವರು ಮೆಚ್ಚದಿದ್ದರೆ ಕ್ಯಾಮೆರಾ ಅಟ್ಟಕ್ಕೆ!

ಮಡಿವಾಳಪ್ಪನವರು ಬರೆದುಕೊಟ್ಟ ಚೀಟಿಗಳನ್ನು ಹರಡಿ ಕೆಂಪು ಪೆನ್ನು ಹಿಡಿದು ಕೂತೆ. ಒಂದರಲ್ಲಿ ಹೀಗಿತ್ತು: "ಮಡಿವಾಳ. ಬೆಳಗಿನ ಜಾವ ಇಂಪಾಗಿ ಸಿಳ್ಳೆ ಹಾಕುತ್ತದೆ. ಹೆಣ್ಣಿನ ಬಣ್ಣ ಮಾಸಲು." ಆ ಹೆಸರಿನ ಹಕ್ಕಿಯೇ ಇದೆಯೆಂದು ನಾನೇನು ಬಲ್ಲೆ! ಮಡಿವಾಳಪ್ಪನವರ ಬೆಳಗಿನ ಸಿಳ್ಳೆ ಇಡೀ ಅಪಾರ್ಟ್‌ಮೆಂಟಿಗೆ ಗೊತ್ತು. ಇದು ಅವರ ಸ್ವಪರಿಚಯದ ಚೀಟಿಯೆಂದೇ ತಿಳಿದೆ. ಪಾಪ, ವಿನಯವಂತರು, ತಮ್ಮನ್ನು ತಾವೇ ಏಕವಚನದಲ್ಲಿ, ಅದೂ ನಪುಂಸಕಲಿಂಗದಲ್ಲಿ ಕರೆದುಕೊಂಡಿದ್ದಾರೆ! ಹೆಸರನ್ನು 'ಮಡಿವಾಳಪ್ಪನವರು' ಎಂದೂ ಕ್ರಿಯಾಪದವನ್ನು 'ಹಾಕುತ್ತಾರೆ' ಎಂದೂ ತಿದ್ದಿ ಅಚ್ಚಿಗೆ ಕಳಿಸಿದೆ. ಕೊನೆಯ ವಾಕ್ಯದಲ್ಲಿ ವ್ಯಾಕರಣದೋಷವಿರಲಿಲ್ಲ, ಆದ್ದರಿಂದ ಓದಲಿಲ್ಲ. ಸೀತಾ ಚೀಟಿಯ ನಂಬರು ನೋಡಿ ಆಯಾ ಚಿತ್ರದ ಕೆಳಗೆ ಅಂಟಿಸಿದಳು.

ಪ್ರದರ್ಶನದ ದಿನ ಗೌರಮ್ಮ ನೆಟ್ಟಗೆ ಆ ಚೀಟಿಯಂಟಿದ್ದ ಕಪ್ಪು ಬಿಳುಪು ಹಕ್ಕಿಯ ಚಿತ್ರದ ಮುಂದೆಯೇ ನಿಂತು ಗಟ್ಟಿಯಾಗಿ ಓದಿದರು: "ಮಡಿವಾಳಪ್ಪನವರು. ಬೆಳಗಿನ ಜಾವ ಇಂಪಾಗಿ ಸಿಳ್ಳೆ ಹಾಕುತ್ತಾರೆ. ಹೆಣ್ಣಿನ ಬಣ್ಣ ಮಾಸಲು."

ಮಡಿವಾಳಪ್ಪನವರು ಕ್ಯಾಮೆರಾವನ್ನು ಎದೆಗವಚಿಕೊಂಡರು. ನಾನು ಕಂಬದ ಹಿಂದೆ ಸರಿದೆ.

"ಯಾರ ಬರದಾರೋ, ಖರೇನ ಬರದಾರ," ಎಂದರು ಗೌರಮ್ಮ. "ಹೆಸರು ಇವರದು ಮಡಿವಾಳಪ್ಪ. ಕೆಸರಂಗಿ ಒಗದು ಒಗದು ಮಾಸಿದಾಕಿ ನಾನು."

ಮೊದಲು ನಕ್ಕವರೂ ಅವರೇ. ನಕ್ಕು ಕಣ್ಣೊರೆಸಿಕೊಂಡು ಹಕ್ಕಿಯನ್ನು ಇನ್ನೊಮ್ಮೆ ನೋಡಿ, "ಛಲೋ ಐತಿ," ಎಂದರು. ಕ್ಯಾಮೆರಾ ಉಳಿಯಿತು. ನನ್ನ ಮಾನವನ್ನೂ ಆ ತಾಯಿಯೇ ಉಳಿಸಿದರು.

ಈಗ ಚೀಟಿ ಬರೆಯುವವರು ಗೌರಮ್ಮ. ನೋಡಿಕೊಡಿ ಎಂದು ನನಗೂ ಕಳಿಸುತ್ತಾರೆ, ಜೊತೆಗೆ, ಅಳಿಸಲು ಬರುವ ಹಾಗೆ, ಒಂದು ಪೆನ್ಸಿಲ್ಲು. ಮಡಿವಾಳಪ್ಪನವರು ಬೆಳಗಿನ ಜಾವ ಎದ್ದು, ತಮ್ಮ ಕೆಸರಂಗಿಯನ್ನು ತಾವೇ ಒಗೆಯುತ್ತ ಇಂಪಾಗಿ ಸಿಳ್ಳೆ ಹಾಕುತ್ತಾರೆ. ಕರ್ತೃಪದಕ್ಕೂ ಕ್ರಿಯಾಪದಕ್ಕೂ ಕೊನೆಗೂ ಹೊಂದಾಣಿಕೆಯಾಗಿದೆ, ನಾನು ತಿದ್ದದೆಯೇ!