ಹತ್ತು ಸಲ ಅಳೆದರೆ ತಪ್ಪಿಲ್ಲ

ಮಸ್ಕತ್ತಿನಲ್ಲಿ ಬಾಗಿಲು, ಕಿಟಕಿ, ಗೇಟು ಮಾಡಿಕೊಡುವ ಕಂಪನಿಯಲ್ಲಿ ಅಳತೆ ತೆಗೆಯುವುದು ನನ್ನ ಕೆಲಸ. ಟೇಪು ಹಿಡಿದವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನಮ್ಮ ಮ್ಯಾನೇಜರು ತರಬೇತಿಗೆ ಹೋಗಿ ಬಂದ ಮೇಲಂತೂ ನಗು ತಡೆಯುವುದೇ ನನ್ನ ಮುಖ್ಯ ಕೆಲಸವಾಯಿತು.

೧. ಗಾಜು

ಉಡುಪಿ ಕಡೆಯ ಮ್ಯಾನೇಜರು ಬಂದವರೇ ಅಲ್ ಖುವೈರ್ ಆಫೀಸಿನಲ್ಲಿ ನಮ್ಮನ್ನು ಕೂರಿಸಿದರು. "ಹಿಂದೆ ಖಗೋಳ ಪಂಡಿತರು ಒಂದೇ ನಕ್ಷತ್ರವನ್ನು ಹಲವು ಸಲ ಅಳೆಯುತ್ತಿದ್ದರಂತೆ. ಒಮ್ಮೆ ಹೆಚ್ಚು ಬರ್ತದೆ, ಒಮ್ಮೆ ಕಡಿಮೆ. ಸರಾಸರಿ ತೆಗೆದರೆ ತಪ್ಪುಗಳು ತಮ್ಮೊಳಗೇ ಹೊಡೆದಾಡಿಕೊಂಡು ಸಾಯ್ತವೆ. ಇನ್ನು ನಾವೂ ಹತ್ತು ಸಲ ಅಳೆಯುವುದು."

ವಾದಿ ಅದಾಯ್ ಬಡಾವಣೆಯ ಶೋರೂಮೊಂದಕ್ಕೆ ಗಾಜು ಕೂರಿಸಬೇಕಿತ್ತು. ನಮ್ಮ ಕಂಪನಿಯ ಕಂಟ್ರಾಕ್ಟರು ಬಂಟ್ವಾಳದ ಬ್ಯಾರಿ, ನಮಗೆಲ್ಲ ಕಾಕ. ಕಾಕನ ಟೇಪಿನಿಂದ ಹತ್ತು ಸಲ ಅಳೆದೆವು. ಹತ್ತು ಸಲವೂ ಒಂದೇ ಉತ್ತರ! ಮ್ಯಾನೇಜರು ಬೀಗಿದರು. ಗಾಜು ಬಂತು, ಐದು ಸೆಂಟಿಮೀಟರ್ ದೊಡ್ಡದು. ಆಗ ಟೇಪನ್ನು ತಿರುಗಿಸಿ ನೋಡಿದರೆ ತುದಿಯ ಐದು ಸೆಂಟಿಮೀಟರ್ ತುಂಡಾಗಿ ಹೋಗಿದೆ.

"ಸರ್, ಟೇಪು ಮುರಿದಿದೆ," ಎಂದೆ.

ಮ್ಯಾನೇಜರು ಯೋಚಿಸಿ ಕೇಳಿದರು: "ಹತ್ತು ಸಲವೂ ಮುರಿದಿತ್ತಾ?"

೨. ತೂಕ

ಆ ವಿದ್ಯೆ ನನಗೂ ಅಂಟಿತು. ಡಾಕ್ಟರು ತೂಕ ಇಳಿಸಲು ಹೇಳಿದ್ದರು. ಮನೆಯ ತೂಕದ ಯಂತ್ರವನ್ನು ಹತ್ತಿ ಇಳಿದು, ಹತ್ತಿ ಇಳಿದು, ಜಾಸ್ತಿ ತೋರಿಸಿದ್ದನ್ನೆಲ್ಲ ಬಿಟ್ಟು ಸರಾಸರಿ ತೆಗೆದೆ.

ಮಗಳು ನೋಡುತ್ತಿದ್ದಳು. "ಪಪ್ಪಾ, ದಟ್ಸ್ ಚೀಟಿಂಗ್!"

"ಅಲ್ಲ ಮಗಾ, ತೀರಾ ದೂರ ಹೋದ ಅಳತೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಅದು ವಿಜ್ಞಾನ."

ಸ್ವಲ್ಪ ದಿನದಲ್ಲಿ ಅವಳ ಪರೀಕ್ಷೆಯ ಫಲಿತಾಂಶ ಬಂತು. ಸರಾಸರಿ ತೊಂಬತ್ತು ಎಂದಳು. ಮನೆಯಲ್ಲಿ ಪಾಯಸ. ನನ್ನ ಎರಡನೆಯ ಲೋಟ ಮುಗಿದ ಮೇಲೆ ಕೇಳಿದೆ: "ಮ್ಯಾಥ್ಸಲ್ಲಿ ಎಷ್ಟು?"

"ಅದು ತೀರಾ ದೂರ ಹೋಗಿತ್ತು ಪಪ್ಪಾ. ಐ ಲೆಫ್ಟ್ ಇಟ್ ಔಟ್."

೩. ಗೇಟು

ಇಬ್ರಿಯಲ್ಲಿ ನಮ್ಮ ಕಫೀಲ್, ಅಂದರೆ ಕಂಪನಿಯ ಒಡೆಯರು, ಹೊಸ ಗೋಡೌನು ಕಟ್ಟಿಸಿದರು. "ಗೇಟಿನ ಅಳತೆ ತನ್ನಿ," ಎಂದು ಮ್ಯಾನೇಜರು ನನ್ನನ್ನೂ ಕಾಕನನ್ನೂ ಬೇರೆ ಬೇರೆಯಾಗಿ ಕಳಿಸಿದರು. ನಾನು ತಂದದ್ದು ಆರು ಮೀಟರ್. ಕಾಕ ತಂದದ್ದು ಎರಡು.

"ಎಂಥದು ಮಾರಾಯ್ರೆ, ನೀವು ಅಳೆದದ್ದು ಎಲ್ಲಿ?" ಎಂದ ಕಾಕ.

"ಮುಂದೆ, ಲಾರಿ ಬರುವಲ್ಲಿ."

"ನಾನು ಹಿಂದೆ, ಜನ ಬರುವಲ್ಲಿ."

ಇದನ್ನು ಹೇಳಲು ಇಬ್ಬರೂ ಓಡಿದೆವು. ಮ್ಯಾನೇಜರು ಕೈ ಅಡ್ಡ ಹಿಡಿದರು. "ಜಗಳ ಬೇಡ. ಒಬ್ಬರು ಹೆಚ್ಚು ಅಳೆದಿದ್ದೀರಿ, ಒಬ್ಬರು ಕಡಿಮೆ. ನಾಲ್ಕು ಮೀಟರಿನ ಗೇಟಿಗೆ ಆಗಲೇ ಆರ್ಡರ್ ಹೋಗಿದೆ. ಖಲಾಸ್!"

ಉದ್ಘಾಟನೆಯ ದಿನ ಕಫೀಲ್ ಬಂದಿಳಿದರು. ಮುಂದೆ ಗೇಟಿಲ್ಲ, ಹಿಂದೆಯೂ ಇಲ್ಲ. ಮಧ್ಯದ ಗೋಡೆಗೆ ಒರಗಿಸಿಟ್ಟ, ಫಳಫಳ ಹೊಳೆಯುವ ನಾಲ್ಕು ಮೀಟರಿನ ಗೇಟು. ಮ್ಯಾನೇಜರ ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಇದು ಯಾವ ಕಡೆಯ ಗೇಟು?" ಕಫೀಲ್ ಹಿಂದಿಯಲ್ಲಿ ಕೇಳಿದರು.

"ಸರ್, ಇದು... ಎರಡೂ ಕಡೆಯ ಸರಾಸರಿ."

ಕಫೀಲ್ ಗೇಟನ್ನು ನೋಡಿದರು, ಗೋಡೆಯನ್ನು ನೋಡಿದರು. ತಮ್ಮ ಕಾರಿನ ಕೀಯನ್ನು ಮ್ಯಾನೇಜರ ಅಂಗೈಯಲ್ಲಿ ಮೆಲ್ಲಗೆ ಇಟ್ಟರು.

"ಬಹಳ ಒಳ್ಳೆಯದು. ಯಲ್ಲಾ, ನಡಿ, ಇದರೊಳಗಿಂದ ಕಾರನ್ನು ಗೋಡೌನಿಗೆ ಹಾಕು, ನೋಡೋಣ."